ಗುಬ್ಬಿಯ ಕ್ಯಾಬಿನ್ನಿಗೆ ಒಂದು ಹೆಡ್‌ಫೋನ್

1983ರಲ್ಲಿ ನಾನು ತುಮಕೂರಿನಲ್ಲಿ ಸಿನಿಮಾ ಧ್ವನಿ ಉಪಕರಣಗಳ ಸರ್ವಿಸ್ ಎಂಜಿನಿಯರ್ ಆಗಿದ್ದೆ. ಕಂಪನಿ ಬೆಂಗಳೂರಿನದು, ಸಣ್ಣದು. ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಟಾಕೀಸುಗಳ ಆಂಪ್ಲಿಫೈಯರ್, ಸ್ಪೀಕರ್, ಸೌಂಡ್‌ಹೆಡ್ಡುಗಳೆಲ್ಲ ನನ್ನ ಪಾಲಿಗೆ ಬಂದಿದ್ದವು. ಚಿತ್ರ ಓಡದಿದ್ದರೆ ನಿರ್ಮಾಪಕನ ಹಣೆಬರಹ, ಓಡುವಾಗ ಮಾತು ಕೇಳಿಸದಿದ್ದರೆ ಮಾತ್ರ ನನ್ನದು. ಬಸ್ಸು ಹತ್ತಿ ಇಳಿದು, ಸೋಲ್ಡರ್ ಹೊಗೆ ಕುಡಿದು ಸಂಪಾದಿಸಿದ್ದು ಬೈಗುಳ ಮತ್ತು ಒಳ್ಳೆಯ ಕಿವಿ, ಅಷ್ಟೇ.

ಆ ಬೇಸಿಗೆಯಲ್ಲಿ ಗುಬ್ಬಿಯ ಒಂದು ಟಾಕೀಸಿನ ಮಾಲೀಕರಾದ ನಂಜುಂಡಪ್ಪನವರು ಫೋನ್ ಮಾಡಿದರು. ತೆಂಗಿನ ತೋಟದವರು. ಟಾಕೀಸು ಅವರಿಗೆ ವ್ಯಾಪಾರಕ್ಕಿಂತ ಹೆಚ್ಚಾಗಿ ಪ್ರತಿಷ್ಠೆಯ ವಿಷಯ.

“ಏನ್ ಸಾರ್, ಒಂದ್ಸಲ ಕಿವಿ ಕಿತ್ತೋಗಂಗೆ ಕಿರುಚ್ತದೆ, ಒಂದ್ಸಲ ಗುಟ್ಟು ಹೇಳ್ದಂಗೆ ಪಿಸಪಿಸ ಅಂತದೆ. ಜನ ನಮ್ ಕುರ್ಚಿ ಮುರ್ದಾಕ್ತಾರೆ, ಬಂದ್ ನೋಡಿ,” ಅಂದರು.

ಹೋದೆ. ಆಗಿನ ಸಿನಿಮಾದ ಧ್ವನಿ ಫಿಲ್ಮಿನ ಅಂಚಿನಲ್ಲೇ ಸಣ್ಣ ಪಟ್ಟಿಯಾಗಿ ಅಚ್ಚಾಗಿರುತ್ತಿತ್ತು. ಎಕ್ಸೈಟರ್ ಲ್ಯಾಂಪ್ ಎಂಬ ಪುಟ್ಟ ದೀಪದ ಬೆಳಕು ಆ ಪಟ್ಟಿಯನ್ನು ದಾಟಿ ಫೋಟೋಸೆಲ್ ಮೇಲೆ ಬಿದ್ದರೆ, ಬೆಳಕಿನ ಏರಿಳಿತವೇ ಆಂಪ್ಲಿಫೈಯರಿನಲ್ಲಿ ಶಬ್ದವಾಗುತ್ತಿತ್ತು. ದೀಪ ನೋಡಿದೆ, ಸೆಲ್ ನೋಡಿದೆ, ಆಂಪ್ಲಿಫೈಯರಿನ ವಾಲ್ವುಗಳನ್ನು ಒಂದೊಂದಾಗಿ ಕಿತ್ತು ಹಾಕಿ ನೋಡಿದೆ. ಎಲ್ಲವೂ ಸರಿಯಾಗಿದ್ದವು. ನಮ್ಮ ಕೆಲಸದಲ್ಲಿ ಎಲ್ಲ ಸರಿಯಿರುವುದರಷ್ಟು ತಲೆನೋವು ಇನ್ನೊಂದಿಲ್ಲ.

ಮ್ಯಾಟಿನಿ ಶುರುವಾದಾಗ ಪ್ರೊಜೆಕ್ಟರ್ ಕ್ಯಾಬಿನ್ನಿನಲ್ಲಿ ಆಪರೇಟರ್ ರಹಮತ್ ಸಾಬರ ಹಿಂದೆ ನಿಂತೆ. ಟೂರಿಂಗ್ ಟಾಕೀಸಿನ ಡೇರೆಯಲ್ಲಿ ಕೆಲಸ ಕಲಿತು, ಲೈಸೆನ್ಸ್ ಪಡೆದು, ಈ ಟಾಕೀಸು ಕಟ್ಟಿದಾಗಿನಿಂದ ಇಲ್ಲೇ ಇದ್ದವರು. ಐವತ್ತು ದಾಟಿತ್ತು. ಫಿಲ್ಮ್ ಕಟ್ಟಾದರೆ ಇಡೀ ಗುಬ್ಬಿ “ಏ ಸಾಬ್ರೇ!” ಎಂದು ಕೂಗುತ್ತಿತ್ತು, ಅದರಲ್ಲಿ ಸಿಟ್ಟಿಗಿಂತ ಸಲಿಗೆಯೇ ಹೆಚ್ಚು. ಸದ್ದು ಏರಿಸುವುದು ಇಳಿಸುವುದು ಅವರದೇ ಕೆಲಸ. ಹಾಲ್ ತುಂಬಿದ್ದರೆ ಸ್ವಲ್ಪ ಹೆಚ್ಚು, ಖಾಲಿಯಿದ್ದರೆ ಕಡಿಮೆ, ಪಿಸುಮಾತಿಗೆ ಒಂದು ಹದ, ಹೊಡೆದಾಟಕ್ಕೆ ಇನ್ನೊಂದು. ಕ್ಯಾಬಿನ್ನಿನಲ್ಲಿರುವ ಸಣ್ಣ ಮಾನಿಟರ್ ಸ್ಪೀಕರ್ ಕೇಳಿಕೊಂಡು ಅದನ್ನು ಮಾಡಬೇಕು.

ಅವರು ಕೇಳುತ್ತಿರಲಿಲ್ಲ. ಸ್ಪೀಕರಿನ ಬಾಯಿಗೆ ಅಂಗೈ ಇಟ್ಟು ನಡುಕ ನೋಡುತ್ತಿದ್ದರು.

“ಸಾಬ್ರೇ,” ಅಂದೆ. ಇನ್ನೊಂದು ಸಲ ಜೋರಾಗಿ ಕರೆದೆ. ಆಮೇಲೆ ಭುಜ ಮುಟ್ಟಿದೆ. ತಿರುಗಿ ನನ್ನ ಮುಖ ನೋಡಿದವರೇ ಎಲ್ಲ ಅರ್ಥಮಾಡಿಕೊಂಡರು.

“ಎಡಗಿವಿ ಪೂರಾ ಹೋಯ್ತು ಸಾರ್. ಬಲಗಿವೀಲಿ ವಸಿ ಐತೆ. ನರ ಸತ್ತೋಗೈತೆ, ಔಷಧಿ ಇಲ್ಲ ಅಂದ್ರು ತುಮಕೂರ್ ಡಾಕ್ಟ್ರು,” ಎಂದು ನನ್ನ ಕೈ ಹಿಡಿದುಕೊಂಡರು. “ಮಾಲೀಕ್ರಿಗೆ ಹೇಳ್ಬ್ಯಾಡಿ. ಈ ಕೆಲ್ಸ ಬಿಟ್ರೆ ನಂಗೆ ಇನ್ನೊಂದ್ ಬರಾಕಿಲ್ಲ.”

ಹಿಯರಿಂಗ್ ಏಡ್ ಹಾಕಿಕೊಳ್ಳಿ ಅಂದೆ. ಆಗ ಅದು ಜೇಬಿನಲ್ಲೊಂದು ಡಬ್ಬಿ, ಕಿವಿಗೊಂದು ವೈರು. “ಅದ್ ಹಾಕ್ಕೊಂಡ್ರೆ ಕಿವುಡ ಅಂತಾರೆ. ಹೆಡ್‌ಫೋನ್ ಹಾಕ್ಕೊಂಡ್ರೆ ಎಂಜಿನಿಯರ್ ಅಂತಾರೆ. ಅದನ್ನೇ ಕೊಡ್ಸಿ ಸಾರ್,” ಅಂದರು. ನಗು ಬಂತು. ಆಗಲಿ ಅಂದೆ.

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹುಡುಕಿ ಮೂರು ಹೆಡ್‌ಫೋನ್ ತಂದೆ. ಒಂದು ಮಿಲಿಟರಿಯವರು ಹರಾಜು ಹಾಕಿದ್ದು, ವೈರ್‌ಲೆಸ್ ಆಪರೇಟರುಗಳದು. ಇನ್ನೊಂದು ಕಿವಿಯನ್ನು ಪೂರ್ತಿ ಮುಚ್ಚುವ ದಪ್ಪ ದಿಂಬಿನ ಸ್ಟೀರಿಯೋ. ಮೂರನೆಯದು ಆಗತಾನೇ ಬಂದಿದ್ದ ವಾಕ್‌ಮನ್ ಜತೆಯ ಹಗುರವಾದ ಸ್ಪಂಜಿನದು. ಮಾನಿಟರ್ ಲೈನಿಗೆ ರೆಸಿಸ್ಟರ್ ಹಾಕಿ, ಪ್ರತ್ಯೇಕ ವಾಲ್ಯೂಮ್ ಕೊಟ್ಟು, ಒಂದೊಂದನ್ನೇ ಅವರ ಕಿವಿಗೆ ಹಾಕಿ ನೋಡಿದೆವು.

ಮಿಲಿಟರಿಯದರಲ್ಲಿ ಮಾತು ಸ್ಪಷ್ಟ, ಹಾಡು ಮಾತ್ರ ಡಬ್ಬದೊಳಗಿನಿಂದ ಬಂದ ಹಾಗೆ. ಸ್ಪಂಜಿನದು ಹೊರಗಿನ ಸದ್ದನ್ನು ತಡೆಯುವುದಿಲ್ಲ, ಪ್ರೊಜೆಕ್ಟರಿನ ಗಲಾಟೆಯೆಲ್ಲ ಒಳಗೆ ನುಗ್ಗಿ ಅವರ ಅಳಿದುಳಿದ ಕಿವಿಗೆ ಮಾತೇ ಹತ್ತಲಿಲ್ಲ. ದಪ್ಪ ದಿಂಬಿನದು ಹಾಕಿದಾಗ ಸಾಬರು ಅಲ್ಲಾಡದೆ ನಿಂತುಬಿಟ್ಟರು. ಪರದೆಯ ಮೇಲೆ ಒಂದು ಜೋಗುಳ ನಡೆಯುತ್ತಿತ್ತು.

“ಇದ್ರಾಗೆ ಕೊಳಲೈತೆ ಸಾರ್! ಎರಡು ವಾರದಿಂದ ಓಡಿಸ್ತಾ ಇದೀನಿ, ಕೊಳಲ್ ಇರೋದೇ ಗೊತ್ತಿರ್ಲಿಲ್ಲ,” ಅಂದರು. ಕಣ್ಣು ತುಂಬಿಕೊಂಡಿದ್ದವು.

ಅಲ್ಲೇ ಇದ್ದದ್ದು ತೊಡಕು. ಆಪರೇಟರನ ಕಿವಿ ಬರೀ ಸಿನಿಮಾಕ್ಕಲ್ಲ, ಯಂತ್ರಕ್ಕೂ ಬೇಕು. ಪ್ರೊಜೆಕ್ಟರಿನಲ್ಲಿ ಫಿಲ್ಮ್ ಸ್ವಲ್ಪ ಸಡಿಲವಾಗಿ ಬಳುಕಿ, ದೀಪದ ಮುಂದಿನ ಕಿಂಡಿಯಾದ ಗೇಟಿನೊಳಗೆ ಇಳಿಯಬೇಕು. ಆ ಬಳುಕು ತಪ್ಪಿದರೆ ಟಪಟಪ ಎಂದು ಹೊಡೆದುಕೊಳ್ಳುತ್ತದೆ. ಪಳಗಿದ ಆಪರೇಟರ್ ಅದನ್ನು ಕೇಳಿದ ಕೂಡಲೇ ಮಷೀನು ನಿಲ್ಲಿಸುತ್ತಾನೆ. ನಿಲ್ಲಿಸದಿದ್ದರೆ ಫಿಲ್ಮ್ ಗೇಟಿನಲ್ಲಿ ಸಿಕ್ಕಿ, ಆರ್ಕ್ ದೀಪದ ಬಿಸಿಗೆ ಕರಗಿಹೋಗುತ್ತದೆ. ಸಿನಿಮಾ ಕೇಳಿಸುವ ಹೆಡ್‌ಫೋನ್ ಹಾಕಿದರೆ ಮಷೀನು ಕೇಳಿಸದು, ಮಷೀನು ಕೇಳಿಸುವುದನ್ನು ಹಾಕಿದರೆ ಸಿನಿಮಾ ಕೇಳಿಸದು. ಎರಡೂ ಕಿವಿ ಇದ್ದವರಾದರೆ ಒಂದು ಅದಕ್ಕೆ, ಒಂದು ಇದಕ್ಕೆ ಎಂದು ಹಂಚಬಹುದಿತ್ತು.

ಇದನ್ನೆಲ್ಲ ಅವರ ಬಲಗಿವಿಯ ಹತ್ತಿರ ಕೂಗಿ ಹೇಳಿ, ಬೇಡ ಅಂದೆ.

“ಮಷೀನ್ನ ಕೈಯಾಗೆ ಕೇಳ್ತೀನಿ. ಇದರ ಮೈಮ್ಯಾಲೆ ಕೈ ಇಟ್ರೆ ಎಲ್ಲಿ ನೋವು ಅಂತ ಹೇಳ್ತೀನಿ ಸಾರ್,” ಎಂದು ಪ್ರೊಜೆಕ್ಟರಿನ ಮೇಲೆ ಅಂಗೈ ಇಟ್ಟರು. ನಾನು ಫಿಲ್ಮಿನ ಬಳುಕನ್ನು ಬೇಕೆಂದೇ ಸ್ವಲ್ಪ ತಪ್ಪಿಸಿ ಪರೀಕ್ಷೆ ಮಾಡಿದೆ. ಪ್ರತಿ ಸಲವೂ ನನಗಿಂತ ಮೊದಲೇ ಹಿಡಿದರು. ದಪ್ಪ ದಿಂಬಿನದನ್ನೇ ಕೊಟ್ಟುಬಂದೆ.

ಮುಂಗಾರು ಮುಗಿಯುವವರೆಗೂ ಗುಬ್ಬಿಯಿಂದ ಒಂದು ದೂರೂ ಬರಲಿಲ್ಲ. ಧ್ವನಿ ಎಷ್ಟು ಚೆನ್ನಾಗಿತ್ತೆಂದರೆ ತುಮಕೂರಿನಿಂದಲೂ ಜನ ಹೋಗಿ ನೋಡಿ ಬರುತ್ತಿದ್ದರು. ನಂಜುಂಡಪ್ಪನವರು ನೆಂಟರನ್ನೆಲ್ಲ ಕ್ಯಾಬಿನ್ನಿಗೆ ಕರೆದೊಯ್ದು ಹೆಡ್‌ಫೋನ್ ಹಾಕಿದ ತಮ್ಮ ಆಪರೇಟರನ್ನು ತೋರಿಸುತ್ತಿದ್ದರಂತೆ.

ದಸರೆಗೆ ಹೊಸ ಚಿತ್ರ ಬಂತು. ಸ್ಪೀಕರ್ ನೋಡಲು ಹೋಗಿದ್ದ ನನ್ನನ್ನು ನಂಜುಂಡಪ್ಪನವರು ಬಿಡದೆ ಬಾಲ್ಕನಿಯಲ್ಲಿ ಪಕ್ಕಕ್ಕೆ ಕೂರಿಸಿಕೊಂಡರು. ಹಾಲ್ ತುಂಬಿತ್ತು. “ಹೆಂಗೈತೆ ನೋಡಿ ನಮ್ ಸೌಂಡು!” ಎಂದು ನನ್ನ ತೊಡೆ ತಟ್ಟುವಷ್ಟರಲ್ಲಿ ಪರದೆಯ ಮೇಲಿನ ಚಿತ್ರ ಕುಣಿಯಿತು. ನನಗೆ ಗಾಬರಿಯಾಗಲಿಲ್ಲ. ಈಗ ನಿಲ್ಲಿಸುತ್ತಾರೆ ಎಂದುಕೊಂಡೆ. ಚಿತ್ರ ಇನ್ನೊಮ್ಮೆ ಕುಣಿದು ನಿಂತೇಬಿಟ್ಟಿತು. ನಾಯಕಿಯ ಕೆನ್ನೆಯ ಮೇಲೆ ಕಂದು ಗುಳ್ಳೆಯೊಂದು ಎದ್ದು, ಇಡೀ ಮುಖ ಕರಗಿ ಬೆಳ್ಳಗಾಯಿತು. ಜನ ಶಿಳ್ಳೆ ಹಾಕಿ ಕುರ್ಚಿ ಕುಟ್ಟತೊಡಗಿದರು. ನಾವಿಬ್ಬರೂ ಮೇಲಕ್ಕೆ ಓಡಿದೆವು.

ರೀಲು ಬದಲಾಗುವ ಹೊತ್ತು ಅದು. ಓಡುತ್ತಿರುವ ಮಷೀನಿನ ರೀಲು ಮುಗಿಯುವ ಮೊದಲು ಪಕ್ಕದ ಎರಡನೇ ಮಷೀನಿನಲ್ಲಿ ಆರ್ಕ್ ದೀಪದ ಕಾರ್ಬನ್ ಕಡ್ಡಿ ಹೊತ್ತಿಸಿ ಸಿದ್ಧಮಾಡಿಕೊಳ್ಳಬೇಕು, ಅದಕ್ಕೆ ಎರಡೂ ಕೈ ಬೇಕು. ಕೈಯಲ್ಲಿ ಕೇಳುವ ಮನುಷ್ಯ ಆ ಸ್ವಲ್ಪ ಹೊತ್ತು ಮಷೀನಿನ ಪಾಲಿಗೆ ಪೂರ್ತಿ ಕಿವುಡ. ಪರೀಕ್ಷೆಯ ದಿನ ಒಂದೇ ಮಷೀನು ಓಡಿಸಿದ್ದ ನಮಗಿಬ್ಬರಿಗೂ ಅದು ಹೊಳೆದಿರಲಿಲ್ಲ. ಕ್ಯಾಬಿನ್ನಿನ ತುಂಬ ಸುಟ್ಟ ಫಿಲ್ಮಿನ ವಾಸನೆ. ಹೆಡ್‌ಫೋನಿನಲ್ಲಿ ಸದ್ದು ನಿಂತದ್ದಕ್ಕೆ ರೀಲೇ ಮುಗಿಯಿತೆಂದುಕೊಂಡಿದ್ದ ಸಾಬರು ನಮಗೆ ಬೆನ್ನು ಹಾಕಿ, ಎರಡನೇ ಮಷೀನಿನ ಮೇಲೆ ಬಗ್ಗಿ, ಕಡ್ಡಿಯ ಉರಿಯನ್ನು ಹದ ಮಾಡುತ್ತಿದ್ದರು.

“ಸಾಬ್ರೇ! ಏನ್ರೀ ಮಾಡ್ತಿದೀರಿ?” ನಂಜುಂಡಪ್ಪನವರು ಬಾಗಿಲಿನಿಂದಲೇ ಕಿರುಚಿದರು. ಸಾಬರು ತಿರುಗದ್ದಕ್ಕೆ ರೇಗಿ ಮುಂದೆ ಹೋಗಿ, ಹಿಂದಿನಿಂದ ಹೆಡ್‌ಫೋನ್ ಕಿತ್ತು ಎಸೆದರು. “ರೀ, ಫಿಲ್ಮ್ ಸುಟ್ಟೋಯ್ತು ಕಣ್ರೀ!”

ಸಾಬರು ಹೆಡ್‌ಫೋನ್ ಎಲ್ಲಿ ಬಿತ್ತೆಂದು ನೆಲದ ಮೇಲೆ ಹುಡುಕುತ್ತಿದ್ದರು.

ನಂಜುಂಡಪ್ಪನವರ ಕೈ ಹಾಗೇ ಗಾಳಿಯಲ್ಲಿ ನಿಂತಿತು. “ಇವ್ರಿಗೆ ಕಿವಿ ಕೇಳಲ್ವಾ?” ಎಂದು ನನ್ನನ್ನು ಕೇಳಿದರು. ಇಲ್ಲ ಅಂದೆ. ಅವರು ಕೆಟ್ಟವರಲ್ಲ. ಆಮೇಲೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಎಲ್ಲರಿಗೂ ಸುಲಭವಾಗುತ್ತಿತ್ತು.

ಸಾಬರಿಗೆ ಟಾಕೀಸಿನ ಗೇಟಿನಲ್ಲಿ ಟಿಕೆಟ್ ಹರಿಯುವ ಕೆಲಸ ಕೊಟ್ಟರು. ಪಿಚ್ಚರ್ ಶುರುವಾಯ್ತಾ ಸಾಬ್ರೇ ಎಂದು ಜನ ಕೇಳಿದ್ದಕ್ಕೆ ಅವರು ಇನ್ನೇನೋ ಹೇಳುವುದು, ಜನ ನಗುವುದು. ಇಷ್ಟು ವರ್ಷ ಯಾರಿಗೂ ಕಾಣದೆ ಊರನ್ನೆಲ್ಲ ನಗಿಸಿ ಅಳಿಸಿದವರಿಗೆ ಅದು ಹಿಡಿಸಲಿಲ್ಲ. ಬಿಟ್ಟು ಕುಣಿಗಲ್‌ನಲ್ಲಿದ್ದ ತಮ್ಮನ ಹಾಸಿಗೆ ಅಂಗಡಿಗೆ ಹೋದರು.

ಮರುವರ್ಷ ಕುಣಿಗಲ್‌ಗೆ ಕೆಲಸದ ಮೇಲೆ ಹೋದಾಗ ಒಂದು ಸಣ್ಣ ರೇಡಿಯೋ ಮತ್ತು ಗುಬ್ಬಿಯ ಕ್ಯಾಬಿನ್ನಿನಲ್ಲೇ ಉಳಿದಿದ್ದ ಅದೇ ಹೆಡ್‌ಫೋನನ್ನು ಅವರಿಗೆಂದು ಒಯ್ದೆ. ಈಗ ಕಾಯಬೇಕಾದ ಮಷೀನು ಯಾವುದೂ ಇಲ್ಲವಲ್ಲ, ಹಾಡಾದರೂ ಕೇಳಲಿ ಎಂಬ ಆಸೆ. ಸಾಬರು ಹತ್ತಿಯ ದೂಳಿನಲ್ಲಿ ಕೂತು ಹಾಸಿಗೆ ಹೊಲಿಯುತ್ತಿದ್ದರು. ನನ್ನನ್ನು ಕಂಡು ಎದ್ದುನಿಂತರು, ಚಾ ತರಿಸಿದರು. ಹೆಡ್‌ಫೋನ್ ಹಾಕಿ ರೇಡಿಯೋ ಪೂರಾ ಜೋರು ಮಾಡಿದೆ. ಒಂದು ಹಾಡು ಮುಗಿಯುವವರೆಗೆ ಕಣ್ಣು ಮುಚ್ಚಿ ಕೇಳಿದರು. ಅವರ ಬಲಗೈ ಮಾತ್ರ ತನ್ನಷ್ಟಕ್ಕೆ ಗಾಳಿಯಲ್ಲಿ ಏನನ್ನೋ ತಿರುಗಿಸುತ್ತಿತ್ತು. ಆಮೇಲೆ ಹೆಡ್‌ಫೋನ್ ತೆಗೆದು, ದಿಂಬಿಗೆ ಅಂಟಿದ್ದ ಹತ್ತಿ ಬಿಡಿಸಿ, ನನ್ನ ಕೈಗೇ ಕೊಟ್ಟರು.

“ಚೆನ್ನಾಗ್ ಕೇಳ್ತದೆ ಸಾರ್. ಆದ್ರೆ ಈ ಹಾಡಿಗೆ ವಾಲ್ಯೂಮ್ ಇಡೋರು ಬೇರೆ ಯಾರೋ ಅವ್ರೆ.”

ಕಂಪ್ಯೂಟರ್ ಆಟಕ್ಕೆ ಯಾವ ಹೆಡ್‌ಫೋನ್, ಸಿನಿಮಾಕ್ಕೆ ಯಾವುದು, ಹಾಡಿಗೆ ಯಾವುದು ಎಂದು ಈಗಲೂ ಮನೆಯ ಮಕ್ಕಳು ಕೇಳುತ್ತಾರೆ. ಅದು ಹೇಳುವುದು ಸುಲಭ, ಹೇಳುತ್ತೇನೆ. ನನ್ನ ವೃತ್ತಿ ನನಗೆ ಕಲಿಸಿದ್ದು ಬೇರೆ: ಒಬ್ಬ ಮನುಷ್ಯನಿಗೆ ಶಬ್ದವನ್ನು ತಂದುಕೊಡಬಹುದು, ಆ ಶಬ್ದದಿಂದ ಅವನು ಮಾಡುತ್ತಿದ್ದ ಕೆಲಸವನ್ನು ತಂದುಕೊಡಲಾಗುವುದಿಲ್ಲ. ರಹಮತ್ ಸಾಬರು ಕೇಳಿದ್ದು ಎರಡನೆಯದು. ನಾನು ಎಸ್.ಪಿ. ರೋಡಿನಲ್ಲಿ ಮೊದಲನೆಯದಕ್ಕೆ ಅಲೆದಿದ್ದೆ.