ತಂಬಾಕಿನ ಧೂಳು, ಖಾಲಾಳ ರೋಜಾ

ನಮ್ಮ ಮಸೀದಿಯ ಹಜರತರು ಮಾತಿಗೆ ಮೊದಲು ಗಂಟಲು ಸರಿಮಾಡಿಕೊಳ್ಳುವುದನ್ನು ನಿಪ್ಪಾಣಿಯಲ್ಲಿ ನನ್ನಷ್ಟು ಚೆನ್ನಾಗಿ ಮಾಡಿ ತೋರಿಸುವವರು ಇನ್ನೊಬ್ಬರಿರಲಿಲ್ಲ. ಖುದ್ದು ಹಜರತರೂ ನನಗಿಂತ ಒಂದು ಕೈ ಕಡಿಮೆಯೇ. ಅಥಣಿ ಕಡೆಯಿಂದ ಬಂದಿದ್ದ ಆ ಇಮಾಮರು ಯಾರಾದರೂ ಏನಾದರೂ ಕೇಳಿದರೆ ಕೆಮ್ಮಿ, ಗಡ್ಡ ನೀವಿ, ಉತ್ತರ ಕೊಟ್ಟು, ಕೊನೆಗೆ ತಪ್ಪದೆ ‘ವಲ್ಲಾಹು ಆಲಮ್’ ಎನ್ನುತ್ತಿದ್ದರು. ಲಾರಿ ಹೊರಡುವಾಗ ಹಾರ್ನ್ ಹೊಡೆಯುತ್ತಾರಲ್ಲ, ಇದೂ ಹಾಗೇ ಒಂದು ರೂಢಿ ಎಂದುಕೊಂಡಿದ್ದೆ. ನನ್ನ ಮೊಬೈಲ್ ರಿಪೇರಿ ಅಂಗಡಿಯ ಮುಂದೆ ನಿಂತು ನಾನು ಹಜರತರಾಗುತ್ತಿದ್ದೆ, ಚಿಕ್ಕೋಡಿ ಬಸ್ಸಿನ ಕಂಡಕ್ಟರ್ ಆಗುತ್ತಿದ್ದೆ. ಯಾರೂ ಸಿಗದಿದ್ದರೆ ನಾನೇ ಆಗುತ್ತಿದ್ದೆ: ಉದ್ದನೆಯ ನಮಾಜಿನಲ್ಲಿ ದಪ್ಪನೆಯ ಆಸಾಮಿಯೊಬ್ಬನ ಹಿಂದೆ ನಿಂತು ತೂಕಡಿಸುವ ಭಕ್ತ.

ಆ ವರ್ಷ ರಂಜಾನ್ ಮಳೆಗಾಲಕ್ಕೆ ಬಿದ್ದಿತ್ತು. ನನ್ನ ಅವ್ವನ ಅಕ್ಕ, ನಮ್ಮ ಖಾಲಾ, ಹರೆಯದಿಂದಲೂ ತಂಬಾಕಿನ ವಖಾರಿಯಲ್ಲಿ, ಅಂದರೆ ಗೋದಾಮಿನಲ್ಲಿ, ಜರಡಿ ಹಿಡಿದವಳು. ತೇವ ತಗುಲಬಾರದೆಂದು ವಖಾರಿಯ ಬಾಗಿಲು ಮುಚ್ಚಿರುತ್ತಿದ್ದರು. ಧೂಳಿಗೆ ಹೊರಹೋಗಲು ಹೆಂಗಸರ ಮೂಗೇ ದಾರಿ. ಖಾಲಾ ಸಂಜೆ ಮನೆಗೆ ಬಂದರೆ ನಮ್ಮ ಬೆಕ್ಕೂ ಸೀನುತ್ತಿತ್ತು. ಅದೇ ಧೂಳಿನಲ್ಲಿ ಆಕೆ ಪ್ರತಿ ವರ್ಷ ರೋಜಾ ಹಿಡಿದಿದ್ದಳು. ಒಂದು ದಿನದ ಉಪವಾಸವನ್ನೂ ಬಿಟ್ಟವಳಲ್ಲ.

ಒಂದು ಸಂಜೆ ಆಕೆಯ ತಮ್ಮ, ಅಂದರೆ ನಮ್ಮ ಮಾಮೂ, ಖರ್ಜೂರ ಬಾಯಿಗಿಟ್ಟುಕೊಳ್ಳುತ್ತಾ ತೀರ್ಪು ಕೊಟ್ಟ. ಮೊಬೈಲಿನಲ್ಲಿ ಪ್ರವಚನ ಕೇಳಿ ಕೇಳಿ ಮಾಮೂಗೆ ಗೊತ್ತಿಲ್ಲದ್ದೇ ಉಳಿದಿರಲಿಲ್ಲ.

"ಆಪಾ, ತಂಬಾಕಿನ್ಯಾಗ ನಶಾ ಐತಿಲ್ಲೋ? ಅದು ಗಂಟಲದಾಗ ಇಳೀತಂದ್ರ ರೋಜಾ ಹೋತು. ಮುಗೀತು."

"ಇಷ್ಟು ವರ್ಷದ್ದು?"

"ಎಲ್ಲಾ ಹೋತು. ತಿರಗಿ ಹಿಡೀಬೇಕು."

ಖಾಲಾ ಕೈಯಲ್ಲಿದ್ದ ಗಂಜಿಯ ಬಟ್ಟಲನ್ನು ಕೆಳಗಿಟ್ಟಳು. ಆಮೇಲೆ ಮುಟ್ಟಲಿಲ್ಲ. ಕಳೆದುಹೋದ ಆ ರೋಜಾಗಳನ್ನೆಲ್ಲ ಮತ್ತೆ ಹಿಡಿಯುವಷ್ಟು ಆಯುಷ್ಯ ತನಗಿದೆಯೇ ಎಂದು ಲೆಕ್ಕ ಹಾಕುತ್ತಿದ್ದಾಳೆಂದು ಮುಖವೇ ಹೇಳುತ್ತಿತ್ತು. ಪಾತ್ರೆ ತೊಳೆಯುವಾಗ ನನ್ನನ್ನು ಕರೆದಳು.

"ನೀ ಹೆಂಗೂ ದಿನಾ ಹಜರತ್ ಆಗಿರ್ತಿ. ಹೇಳಲೇ, ನನ್ನ ರೋಜಾ ಆಗ್ಯಾವೋ ಇಲ್ಲೋ?"

ಆಕೆ ನಗಿಸಲು ಕೇಳಿದ್ದಲ್ಲ. ನಾನು ಅಭ್ಯಾಸಬಲದಿಂದ ಕೆಮ್ಮಿದೆ, ಇಲ್ಲದ ಗಡ್ಡ ನೀವಿದೆ. ದನಿ ಅಚ್ಚುಕಟ್ಟಾಗಿ ಬಂದು ನಿಂತಿತ್ತು. ಆದರೂ "ನಾಳೆ ಅಸಲಿ ಹಜರತರ ಕಡೆ ಹೋಗೂಣು ಬಾ" ಎಂದೆ.

ಮರುದಿನ ಇಳಿಹೊತ್ತಿನ ಅಸರ್ ನಮಾಜಾದ ಮೇಲೆ ಮಸೀದಿಯ ಮೆಟ್ಟಿಲ ಹತ್ತಿರ ನಿಂತೆವು. ತೀರ್ಪು ಪಕ್ಕಾ ಆಗುವುದನ್ನು ನೋಡಲು ಮಾಮೂನೂ ಬಂದಿದ್ದ. ಹಜರತರು ಪೂರ್ತಿ ಕೇಳಿಸಿಕೊಂಡು ಖಾಲಾಳಿಗೆ ಪ್ರಶ್ನೆ ಹಾಕಿದರು. ಮೂಗಿಗೆ ಬಟ್ಟೆ ಕಟ್ಟುತ್ತೀಯಾ? ಹಲ್ಲಿಗೆ ಮಿಶ್ರಿ ತಿಕ್ಕುತ್ತೀಯಾ? ಮಿಶ್ರಿ ಎಂದರೆ ಸುಟ್ಟ ತಂಬಾಕಿನ ಪುಡಿ. "ರಂಜಾನದಾಗ ಹಗಲಿ ಮುಟ್ಟಂಗಿಲ್ರಿ" ಎಂದಳು ಖಾಲಾ. ಈಗ ಹಜರತರು ಕೆಮ್ಮುತ್ತಾರೆ ಎಂದು ನಾನು ಕಾದೆ. ಕೆಮ್ಮಲಿಲ್ಲ.

"ನನಗ ಗೊತ್ತಿಲ್ಲಮ್ಮಾ" ಎಂದರು.

ಮಾಮೂ ಬಿಡಲಿಲ್ಲ. "ಕಿತಾಬಿನ್ಯಾಗ ಇರಬೇಕಲ್ರಿ, ಹಜರತ್?"

"ಹಿಟ್ಟಿನ ಗಿರಣಿ ಧೂಳಿಂದು ಓದೀನಿ. ಅದರಿಂದ ರೋಜಾ ಮುರಿಯಂಗಿಲ್ಲ. ತಂಬಾಕು ಬ್ಯಾರೆ ಚೀಜು. ಅಂದಾಜಿನ ಮ್ಯಾಲ ಹೇಳಿದ್ರ ಈ ತಾಯಿ ಜೀವಮಾನದ ರೋಜಾ ನನ್ನ ಕುತಗೀಗೆ ಬರ್ತಾವ. ಮಿರಜದಾಗ ನನಗ ಕಲಿಸಿದ ಉಸ್ತಾದ್ರು ಅದಾರ, ಕೇಳ್ತೀನಿ. ಅಲ್ಲೀ ಮಟ ರೋಜಾ ಬಿಡಬ್ಯಾಡ, ಅಮ್ಮಾ."

ಮಾಮೂ ದಾರಿಯುದ್ದಕ್ಕೂ ಗೊಣಗಿದ: "ಏನ್ ಹಜರತ್ ಲೇ ಇಂವ, ಗೊತ್ತಿಲ್ಲಂತಾನ!"

ಉಸ್ತಾದರು ಫೋನಿನಲ್ಲಿ ಇನ್ನೂ ವಿಚಿತ್ರ ಮಾತು ಹೇಳಿದರಂತೆ: ಮೊದಲು ಹೋಗಿ ಆ ಧೂಳು ಹೇಗಿದೆ ನೋಡಿ ಬಾ. ಹಾಗಾಗಿ ಹಜರತರು ನನ್ನ ಜೊತೆ ವಖಾರಿಗೆ ಬಂದರು. ಬಾಗಿಲು ತೆರೆದದ್ದೇ ತಡ, ಸೀನು ಶುರುವಾಯಿತು. ಟೊಪ್ಪಿಗೆ ಒಂದು ಕಡೆ, ರುಮಾಲು ಒಂದು ಕಡೆ. ಜರಡಿ ಹಿಡಿದ ಹೆಂಗಸರು ಸೆರಗು ಬಾಯಿಗೊತ್ತಿಕೊಂಡು ನಕ್ಕರು. ನನಗಂತೂ ಒಂದು ವರ್ಷಕ್ಕೆ ಸಾಕಾಗುವಷ್ಟು ಸರಕು ಸಿಕ್ಕಿತು. ಸುಮ್ಮನಿರಲಾರದೆ ಕೇಳಿದೆ:

"ಹಜರತ್, ಈಗ ನಿಮ್ಮ ರೋಜಾ?"

"ಅದನ್ನೂ ಉಸ್ತಾದರನ್ನ ಕೇಳ್ತೀನಿ, ಬೇಟಾ" ಎಂದು ಕಣ್ಣೊರೆಸಿಕೊಂಡರು.

ಉತ್ತರ ಬರಲು ಕೆಲವು ದಿನ ಹಿಡಿಯಿತು. ಆ ದಿನಗಳಲ್ಲಿ ಖಾಲಾ ರೋಜಾ ಹಿಡಿದಳು, ವಖಾರಿಗೆ ಹೋದಳು, ಮಾತು ಮಾತ್ರ ಕಡಿಮೆ ಮಾಡಿದಳು. ಹಜರತರು ತಾವೇ ನಮ್ಮ ಹೊಸ್ತಿಲವರೆಗೆ ಬಂದರು. ತಾನಾಗಿ ಒಳಹೋಗುವ ಧೂಳಿನಿಂದ ರೋಜಾ ಮುರಿಯುವುದಿಲ್ಲ. ಬೇಕೆಂದು ಮೂಸಬಾರದು, ಬಟ್ಟೆ ಕಟ್ಟಿಕೊಳ್ಳಬೇಕು. ಹಿಂದಿನ ರೋಜಾಗಳೂ ಆಗಿವೆ ಎಂದು ಉಸ್ತಾದರು ಹೇಳಿದ್ದಾರೆ. ಕೊನೆಗೆ ಹಜರತರು ಎಂದಿನಂತೆ ಸೇರಿಸಿದರು: "ವಲ್ಲಾಹು ಆಲಮ್."

ಖಾಲಾ ಗಾಬರಿಯಾದಳು. "ಅಂದ್ರ ಏನ್ರಿ ಅದು?"

"ನಮಗ ತಿಳಿದಷ್ಟು ಹೇಳೇವಿ, ಪೂರಾ ಗೊತ್ತಿದ್ದಾಂವ ಅಲ್ಲಾ ಒಬ್ಬನ ಅಂತ."

"ಹಂಗಾರ ಚಲೋ ಆತ್ರಿ. ಅಂವಗ ನನ್ನ ಮೂಗೂ ಗೊತ್ತೈತಿ."

ಆ ಸಂಜೆ ಅಂಗಡಿ ಮುಂದೆ ಹಜರತರ ಸೀನನ್ನು ಮಾಡಿ ತೋರಿಸಿದೆ, ಜನ ಬಿದ್ದು ಬಿದ್ದು ನಕ್ಕರು. ಅವರ ‘ನನಗ ಗೊತ್ತಿಲ್ಲಮ್ಮಾ’ ಮಾಡಿ ತೋರಿಸಲು ಹೋದೆ, ಬರಲಿಲ್ಲ. ಹಿಡಿಯೋಣವೆಂದರೆ ಅದರಲ್ಲಿ ಕೆಮ್ಮಿಲ್ಲ, ಏರಿಲ್ಲ, ಇಳಿತವಿಲ್ಲ. ಎಷ್ಟು ಸಲ ಅಂದರೂ ನನ್ನದೇ ದನಿ ಕೇಳಿಸುತ್ತಿತ್ತು.

ಮರುದಿನ ಬುತ್ತಿಯಿಲ್ಲದ ಕೈಚೀಲ ಹಿಡಿದು ಹೊರಟ ಖಾಲಾ, ದಾರಿಯಲ್ಲಿ ಜೊತೆಯಾದ ವಖಾರಿಯ ಗೆಳತಿಗೆ ಎಲ್ಲವನ್ನೂ ಹೇಳುತ್ತಿದ್ದಳು. ಹಿಂದೆ ನಾನು ಬರುತ್ತಿರುವುದು ಆಕೆಗೆ ಗೊತ್ತಿರಲಿಲ್ಲ. ಮೊದಲು ಕೆಮ್ಮಿದಳು, ಗದ್ದ ನೀವಿದಳು. ನನ್ನ ಕೆಲಸಕ್ಕೇ ಕುತ್ತು ತರುವಷ್ಟು ಚೆನ್ನಾಗಿತ್ತು. ಎಲ್ಲ ಹೇಳಿ ಮುಗಿಸಿ, ಸೆರಗನ್ನು ಮೂಗಿಗೆ ಬಿಗಿಯಾಗಿ ಕಟ್ಟಿಕೊಳ್ಳುವ ಮೊದಲು, ತನ್ನದೇ ದನಿಯಲ್ಲಿ ಮೆಲ್ಲಗೆ ಅಂದಳು: "ವಲ್ಲಾಹು ಆಲಮ್."