ಸೊಪ್ಪಿನ ಬಸುರಿ

ಮದುವೆಯಾಗಿ ಪಿರಿಯಾಪಟ್ಟಣದ ಕಡೆಯ ಆ ಊರಿಗೆ ಬರುವ ತನಕ ಮಂಗಳಗೌರಿ ಹೊಗೆಸೊಪ್ಪಿನ ಗಿಡವನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದಳು, ಅಷ್ಟೇ. ತವರು ಸರಗೂರಿನ ಹತ್ತಿರ. ಅಪ್ಪನ ಹೊಲದಲ್ಲಿ ರಾಗಿ, ಹತ್ತಿ, ಬದುವಿನಲ್ಲಿ ಅವರೆ. ಇಲ್ಲಿ ಗಂಡ ನಂಜುಂಡೇಶನ ಮನೆಯಲ್ಲಿ ಎರಡು ಎಕರೆ ಹೊಗೆಸೊಪ್ಪು, ಅದನ್ನು ಕಾವಿನಲ್ಲಿ ಬೇಯಿಸಿ ಒಣಗಿಸಲು ಒಂದು ಬ್ಯಾರನ್ ಮನೆ, ಜೊತೆಗೆ ಬಾಯಿ ಸುಮ್ಮನಿರದ ಒಬ್ಬ ಅತ್ತೆ. ಅತ್ತೆ ಕೆಟ್ಟವಳೇನಲ್ಲ. ಮನಸ್ಸಿನಲ್ಲಿದ್ದದ್ದು ಬೀದಿಗೆ ಬರಲು ಅವಳಲ್ಲಿ ಹೆಚ್ಚು ಹೊತ್ತು ಹಿಡಿಯುತ್ತಿರಲಿಲ್ಲ.

ಆಷಾಢ ಕಳೆದು ತವರಿನಿಂದ ವಾಪಸ್ಸು ಬಂದ ಹೊಸ ಸೊಸೆ ಸೊಪ್ಪು ಮುರಿಯಲು ಹೊಲಕ್ಕಿಳಿದಳು. ಅದು ಬೆಳಗಿನ ಕೆಲಸ. ಇಬ್ಬನಿ ಆರುವ ಮೊದಲೇ ಬುಡದ ಮಾಗಿದ ಎಲೆಗಳನ್ನು ಒಂದೊಂದಾಗಿ ಮುರಿದು, ಕಂಕುಳಲ್ಲಿ ಅವುಚಿಕೊಂಡು ಸಾಲಿನ ಕೊನೆ ಮುಟ್ಟಬೇಕು. ಎಲೆಯ ನೀರು ರವಿಕೆ ನೆನೆಸಿ ಮೈಗಿಳಿಯುತ್ತದೆ, ಕೈಗೆ ಕಪ್ಪು ಅಂಟು ಮೆತ್ತುತ್ತದೆ. ಒಗ್ಗದವರಿಗೆ ತಲೆ ಸುತ್ತಿ ವಾಂತಿಯಾಗುತ್ತದೆ. ಅದಕ್ಕೆ ಅಲ್ಲಿಯವರು ಸೊಪ್ಪು ಏರಿತು ಅನ್ನುತ್ತಾರೆ. ಹುಣಸೆಹಣ್ಣು ಕಿವುಚಿದ ನೀರು ಕುಡಿದು ನೆರಳಲ್ಲಿ ಮಲಗಿದರೆ ಸಂಜೆಯ ಹೊತ್ತಿಗೆ ಇಳಿಯುತ್ತದೆ.

ಅತ್ತೆಗೆ ಇದು ಗೊತ್ತಿಲ್ಲದ್ದೇನಲ್ಲ. ಆದರೆ ಗೌರಿ ಹಬ್ಬದ ಹಿಂದಿನ ವಾರ ಸೊಸೆ ಸಾಲಿನ ನಡುವೆ ಕೂತು ವಾಂತಿ ಮಾಡಿದಾಗ, ಮುಟ್ಟಾಗಿ ಎಷ್ಟು ದಿನವಾಯಿತೆಂದು ಕೇಳಿದಳು. ಹತ್ತು ದಿನ ತಡವಾಗಿತ್ತು. ಮುದುಕಿಗೆ ಅಷ್ಟೇ ಸಾಕಾಯಿತು. ಸಂಜೆಯೊಳಗೆ ಊರಿಗೆಲ್ಲ ಸುದ್ದಿ, ಮಾರನೆಯ ದಿನ ಸರಗೂರಿನಿಂದ ಅವ್ವ ಚಿಗಳಿ, ತಂಬಿಟ್ಟು ಕಟ್ಟಿಕೊಂಡು ಬಸ್ಸಿಳಿದಳು. ಮಂಗಳಗೌರಿಯೂ ನಂಬಿದಳು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮಲಗಿದಳು. ಹಬ್ಬದ ದಿನ, ಬಾಗಿನ ಕೊಡಲು ಬಂದ ಹೆಂಗಸರೆಲ್ಲ ನಡುಮನೆಯಲ್ಲಿರುವಾಗಲೇ ಮುಟ್ಟಾದಳು.

ಹೆಂಗಸಿಗೆ ಅಡ್ಡಹೆಸರಿಡಲು ನಮ್ಮ ಕಡೆ ಯಾರೂ ಪಂಚಾಂಗ ನೋಡುವುದಿಲ್ಲ. ಬದುವಿನ ಮೇಲೆ ಎಲೆಅಡಿಕೆ ಹಾಕುತ್ತಾ ಕೂತ ನಾಲ್ಕು ಜನ ಸಾಕು. ಪಕ್ಕದ ಹೊಲದ ಅಂಕಯ್ಯನ ಹೆಂಡತಿ, "ನೋಡ್ರವ್ವ, ಸೊಪ್ಪಿನ ಬಸುರಿ ಬಂದ್ಲು" ಅಂದಳು. ಎಲ್ಲರೂ ನಕ್ಕರು. ಆ ನಗೆ ಒಂದು ದಿನಕ್ಕೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಅದು ಒಂಬತ್ತು ವರ್ಷ ನಡೆಯಿತು. ಪ್ರತಿ ವರ್ಷ ಸೊಪ್ಪು ಮುರಿಯುವ ಕಾಲಕ್ಕೆ ಅವಳಿಗೆ ವಾಂತಿಯಾಗುತ್ತಿತ್ತು, ಪ್ರತಿ ವರ್ಷ ಯಾರಾದರೊಬ್ಬರು ಎಷ್ಟನೇ ತಿಂಗಳೆಂದು ಕೇಳುತ್ತಿದ್ದರು.

ಮಗು ಮಾತ್ರ ಆಗಲಿಲ್ಲ. ನಂಜನಗೂಡಿಗೆ ಹರಕೆ ಕಟ್ಟಿದ್ದಾಯಿತು, ಮೈಸೂರಿನ ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ಆಯಿತು. ಮುಟ್ಟು ಎಂದೂ ಲೆಕ್ಕಕ್ಕೆ ಸಿಗುತ್ತಿರಲಿಲ್ಲ, ಕೆಲವೊಮ್ಮೆ ಎರಡು ತಿಂಗಳು ಬರುತ್ತಲೇ ಇರಲಿಲ್ಲ. ನಂಜುಂಡೇಶ ಔಷಧದ ಅಂಗಡಿಯಿಂದ ಪೇಪರಿನಲ್ಲಿ ಸುತ್ತಿ ಪರೀಕ್ಷೆಯ ಕಿಟ್ ತರುತ್ತಿದ್ದ. ಯಾವಾಗಲೂ ಒಂದೇ ಗೆರೆ. ಐದು ವರ್ಷವಾದ ಮೇಲೆ, "ಇನ್ ತರಬ್ಯಾಡಿ ಕಣ್ರೀ. ಆ ಗೆರೆ ನೋಡಕ್ಕೆ ನನ್ ಕೈಲಾಗಲ್ಲ" ಅಂದಳು. ಅವನು ತರುವುದನ್ನು ಬಿಟ್ಟ.

ಹೋದ ವರ್ಷ ಮಳೆ ಬೇಗ ಹಿಡಿಯಿತು. ಎಲೆ ಒಂದು ದಿನವೂ ಒಣಗಿರಲಿಲ್ಲ. ಮಂಗಳಗೌರಿಗೆ ಮೊದಲ ವಾರವೇ ವಾಂತಿ ಶುರುವಾಯಿತು. ಹುಣಸೆಹಣ್ಣಿನ ನೀರಿಗೆ ಅದು ಬಗ್ಗಲಿಲ್ಲ. ಮಳೆ ಜೋರಾಗಿ ಹೊಲಕ್ಕೆ ಇಳಿಯದ ದಿನವೂ ಆಯಿತು, ಸಾರಿನ ಒಗ್ಗರಣೆಗೂ ಆಯಿತು. ನಂಜುಂಡೇಶ ಮೂರು ದಿನ ನೋಡಿದ.

"ಗೌರಿ, ಒಂದ್ಸಲ ಕಿಟ್ ತರ್ಲಾ?"

"ಯಾಕೆ, ಮತ್ತೆ ಊರೋರ್ ಬಾಯಿಗೆ ಬೀಳ್ಬೇಕಾ ನಾನು? ಸೊಪ್ಪು ಏರ್ಯದೆ, ಬುಡಿ."

ಅವಳ ಮುಖ ನೋಡಿ ಅವನು ಸುಮ್ಮನಾದ. ಆವತ್ತು ಸುಮ್ಮನಾಗಬಾರದಿತ್ತು ಎಂದು ಅವನು ಇವತ್ತಿಗೂ ಅಂದುಕೊಳ್ಳುತ್ತಾನೆ. ಅವಳು ಹೊಲಕ್ಕೆ ಹೋದಳು, ಮುರಿಯುವ ಕೆಲಸವಿದ್ದ ಒಂದು ದಿನವೂ ತಪ್ಪಿಸಲಿಲ್ಲ. ತಪ್ಪಿಸಿದರೆ ಯಾರಾದರೂ ಏನಾದರೂ ಕೇಳುತ್ತಾರಲ್ಲ, ಅದಕ್ಕೆ. ಐದನೇ ವಾರ, ಒದ್ದೆ ಎಲೆಯ ಹೊರೆ ಕಂಕುಳಲ್ಲಿರುವಾಗಲೇ ಸೊಂಟ ಹಿಡಿದುಕೊಂಡು ಕೂತಳು. ಸೀರೆ ತೊಯ್ದದ್ದು ಮಳೆಯಿಂದಲ್ಲ ಎಂದು ಮೊದಲು ನೋಡಿದವಳು ಅಂಕಯ್ಯನ ಹೆಂಡತಿಯೇ. ಅವಳೇ ಕಿರುಚಿ ಗಂಡಸರನ್ನು ಕರೆದಳು.

ಪಿರಿಯಾಪಟ್ಟಣದ ಆಸ್ಪತ್ರೆಯಲ್ಲಿ ಡಾಕ್ಟರ್ ಆಯೇಷಾ ಅವಳ ಪಕ್ಕ ಸ್ಟೂಲೆಳೆದುಕೊಂಡು ಕೂತರು. "ಮೂರು ತಿಂಗಳು ದಾಟಿತ್ತಮ್ಮ. ನಿಮಗೆ ಗೊತ್ತೇ ಆಗಲಿಲ್ವಾ?"

"ಸೊಪ್ಪಿನ ವಾಂತಿ ಅನ್ಕೊಂಡೆ."

ಡಾಕ್ಟರು ಅವಳ ಕೈ ಹಿಡಿದು ನೋಡಿದರು. ಬೆರಳ ಸಂದಿಯ ಕಪ್ಪು ಇನ್ನೂ ಹೋಗಿರಲಿಲ್ಲ. "ಆ ಗಿಡ ಹುಳು ತನ್ನನ್ನ ತಿನ್ನದಿರಲಿ ಅಂತ ಬೇರಿನಲ್ಲಿ ನಿಕೋಟಿನ್ ಅನ್ನೋ ವಿಷ ಮಾಡಿಕೊಳ್ಳುತ್ತೆ. ಅದು ಎಲೆಗೆ ಬರುತ್ತೆ. ಎಲೆ ಒದ್ದೆ ಇದ್ದರೆ ನೀರಿನಲ್ಲಿ ಕರಗಿ ಚರ್ಮದ ಮೂಲಕ ರಕ್ತಕ್ಕೆ ಸೇರುತ್ತೆ. ಬೀಡಿ ಮುಟ್ಟದೋರಿಗೂ ಸೇರುತ್ತೆ."

"ಮಗೀಗೂ ಸೇರ್ತಾ?"

"ಸೇರುತ್ತೆ. ಆದರೆ ಅದರಿಂದಲೇ ಹೀಗಾಯಿತು ಅಂತ ನಾನು ಹೇಳೋಕಾಗಲ್ಲಮ್ಮ. ಅಲ್ಲ ಅಂತಾನೂ ಹೇಳೋಕಾಗಲ್ಲ."

ಹೌದು ಅಂದಿದ್ದರೆ ಗಿಡವನ್ನು ಬಯ್ಯಬಹುದಿತ್ತು, ಅಲ್ಲ ಅಂದಿದ್ದರೆ ದೇವರನ್ನು. ಡಾಕ್ಟರು ಪ್ರಾಮಾಣಿಕರಾಗಿದ್ದರು, ಅವಳಿಗೆ ಎರಡೂ ಸಿಗಲಿಲ್ಲ. ಮಧ್ಯಾಹ್ನ ಅತ್ತೆ ಗಂಜಿ ತಂದು, ಸೊಸೆಯ ಕಾಲ ಬುಡದಲ್ಲಿ ಕೂತು ಬಾಯಿಗೆ ಸೆರಗಿಟ್ಟುಕೊಂಡು ಅತ್ತಳು. ಅವಳು ಲೋಟ ತೊಳೆಯಲು ಹೋದಾಗ ಮಂಗಳಗೌರಿ ಗಂಡನ ಕಡೆ ತಿರುಗಿದಳು.

"ಸೊಪ್ಪು ಏರ್ದಾಗ ನಾವೆಲ್ಲ ಉಗುದ್ಬುಟ್ಟು ಬಯ್ಯಲ್ವಾ, 'ಬುಟ್ಟೋಗು ನನ್ನ, ಆಳಾಗೋಗು' ಅಂತ. ದಿನಾ ಬಯ್ದೆ ಕಣ್ರೀ. ಐದ್ ವಾರ, ವಾಂತಿ ಬಂದಾಗೆಲ್ಲ ಬಯ್ದೆ."

ನಂಜುಂಡೇಶ ಅವಳ ತಲೆಯ ಮೇಲೆ ಕೈಯಿಟ್ಟ. "ನೀನ್ ಬಯ್ದಿದ್ದು ಸೊಪ್ಪಿಗಲ್ವಾ ಗೌರಿ."

"ಅದು ಮಗೀಗೆ ಎಂಗ್ ಗೊತ್ತಾಗ್ಬೇಕು?"