ಉಪ್ಪಿನ ಶಾಖವಿಲ್ಲದ ಬೆಳಿಗ್ಗೆ

ನಮ್ಮ ಮನೆಯಲ್ಲಿ ದಿನ ಶುರುವಾಗುತ್ತಿದ್ದದ್ದು ಅಪ್ಪನ ಬಲಗಾಲಿನಿಂದ. ಅಮ್ಮ ಇದ್ದಿಲ ಒಲೆ ಹೊತ್ತಿಸಿ, ಬಾಣಲೆಯಲ್ಲಿ ಕಲ್ಲುಪ್ಪು ಹುರಿದು, ಹಳೆಯ ಪಂಚೆಯ ತುಂಡಿನಲ್ಲಿ ಗಂಟು ಕಟ್ಟುತ್ತಿದ್ದಳು. ಮೊದಲು ಬಿಸಿ ಹರಳೆಣ್ಣೆ ತಿಕ್ಕುವುದು, ಆಮೇಲೆ ಉಪ್ಪಿನ ಶಾಖ. ಅಲ್ಲಿಯವರೆಗೆ ಅಪ್ಪನ ಮೊಣಕಾಲು ಮಡಚುತ್ತಿರಲಿಲ್ಲ. ಮಹಾಯುದ್ಧದ ಕಾಲದಲ್ಲಿ ಸಿಪಾಯಿಯಾಗಿ ಬರ್ಮಾ ಕಡೆಗೆ ಹೋಗಿದ್ದಾಗ ಹೊಕ್ಕ ಶೆಲ್ಲಿನ ಚೂರಿನಿಂದ ಆದದ್ದು ಅದು. ಶಾಖ ಮುಗಿದರೆ ಅಪ್ಪ ಎದ್ದು ನಿಂತು, ಎರಡು ಸಲ ಕಾಲು ಝಾಡಿಸಿ, ಗಡ್ಡ ಹೆರೆದುಕೊಂಡು, ನಮ್ಮ ಉಗುರು, ಜಡೆ, ಹಾಸಿಗೆಯ ಮಡಿಕೆ ಎಲ್ಲವನ್ನೂ ತಪಾಸಣೆ ಮಾಡುತ್ತಿದ್ದರು. ಇಂದಿಗೂ ಹಾಸಿಗೆ ಮಡಚದೆ ನನಗೆ ಕಾಫಿ ಇಳಿಯುವುದಿಲ್ಲ.

ಐವತ್ತರ ದಶಕದ ಕೊನೆ. ಜಯನಗರದಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಅಪ್ಪ ಒಂದು ಕಾರ್ಖಾನೆಯ ಗೇಟಿನಲ್ಲಿ ಕಾವಲು ಕೆಲಸ ಮಾಡುತ್ತಿದ್ದರು. ಆ ಸಂಬಳಕ್ಕೆ ಕಾಲಿನ ಗಾಯಕ್ಕೆಂದು ಸೈನ್ಯದಿಂದ ಬರುತ್ತಿದ್ದ ಪಿಂಚಣಿ ಸೇರಿದರೆ ಮಾತ್ರ ಬಾಡಿಗೆ ಸಾಗುತ್ತಿತ್ತು, ನನ್ನ ಹೈಸ್ಕೂಲೂ ಸಾಗುತ್ತಿತ್ತು. ಕೆಲವು ವರ್ಷಕ್ಕೊಮ್ಮೆ ಅಂಗವಿಕಲತೆ ಇನ್ನೂ ಎಷ್ಟಿದೆ ಎಂದು ಅಳೆಯಲು ಮಿಲಿಟರಿ ವೈದ್ಯರ ಬೋರ್ಡು ಕರೆಯುತ್ತಿತ್ತು.

ಆ ಸಲ ಕರೆ ಬಂದಾಗ ಮನೆಯಲ್ಲಿ ಮದುವೆಯಂಥ ಗಡಿಬಿಡಿ. ದೊಡ್ಡ ಅಧಿಕಾರಿಗಳ ಮುಂದೆ ನಿಲ್ಲಬೇಕಲ್ಲ! ಅಪ್ಪ ಬೂಟಿಗೆ ಪಾಲಿಶ್ ಹಾಕಿದ್ದೇ ಹಾಕಿದ್ದು. ಅಮ್ಮ ಅಂದು ಎರಡು ಸುತ್ತು ಶಾಖ ಕೊಟ್ಟು ಕಳಿಸಿದಳು. ಅಪ್ಪ ಬೋರ್ಡಿನ ಕೋಣೆಯೊಳಗೆ ಪರೇಡಿನಂತೆ ನಡೆದು, ಹಿಮ್ಮಡಿ ಕೂಡಿಸಿ ಸೆಲ್ಯೂಟ್ ಹೊಡೆದರು. ಹೇಗಿದ್ದೀಯ ಎಂದು ವೈದ್ಯರು ಕೇಳಿದ್ದಕ್ಕೆ, ಅಧಿಕಾರಿ ಕೇಳಿದರೆ ಸಿಪಾಯಿ ಏನು ಹೇಳಬೇಕೋ ಅದನ್ನೇ ಹೇಳಿದರು: "ಠೀಕ್ ಹೈ, ಸಾಬ್."

ಪಿಂಚಣಿ ನಿಂತಿತು. ಕಾಲು ಬಹುಮಟ್ಟಿಗೆ ಸರಿಹೋಗಿದೆ, ಉಳಿದಿರುವ ಊನ ಪಿಂಚಣಿಗೆ ಸಾಲದು ಎಂಬ ಉತ್ತರ ಬಂತು.

ಭಾನುವಾರ ಜರಗನಹಳ್ಳಿಯಿಂದ ದೊಡ್ಡಪ್ಪ ಬಂದರು. ಅಲ್ಲಿನ ನಮ್ಮ ಹೊಲ ನೋಡಿಕೊಳ್ಳುತ್ತಿದ್ದವರು ಅವರೇ. ಜಗಲಿಯ ಮೇಲೆ ಕೂತು ಅಪ್ಪನ ಕಾಲನ್ನೇ ದಿಟ್ಟಿಸಿ ನಕ್ಕರು. "ಸರ್ಕಾರದೋರೇ ಹೇಳವ್ರೆ ನಿನ್ ಕಾಲು ನೆಟ್ಟಗೈತೆ ಅಂತ. ಬಾರ್ಲಾ, ನೇಗ್ಲು ಹಿಡಿ. ಪ್ಯಾಟೇಲಿ ಬಾಡ್ಗೆ ಕಟ್ಕೊಂಡು ಯಾಕ್ ಸಾಯ್ತೀಯ? ಈ ಹುಡ್ಗಿ ಓದಿದ್ದೂ ಸಾಕು."

ನನಗೆ ಕೂತಲ್ಲಿ ಕೂರಲಾಗಲಿಲ್ಲ. ಹಳ್ಳಿಗೆ ಹೋದರೆ ಶಾಲೆ ಮುಗಿದಂತೆಯೇ.

ಅಮ್ಮ ಪಕ್ಕದ ಬೀದಿಯ ನಿವೃತ್ತ ಗುಮಾಸ್ತರ ಬಳಿ ಹೋಗಿ ಅಪೀಲು ಬರೆಸಿಕೊಂಡು ಬಂದಳು. ಅಪ್ಪ ಸಹಿ ಹಾಕಲು ಮೂರು ದಿನ ಸತಾಯಿಸಿದರು. ಆಮೇಲೆ ಕಾಯುವ ಕೆಲಸ. ಅಂಚೆಯವನ ಸೈಕಲ್ಲಿನ ಗಂಟೆ ಕೇಳಿದರೆ ಅಮ್ಮ ಒಗ್ಗರಣೆ ಬಿಟ್ಟು ಬಾಗಿಲಿಗೆ ಬರುವಳು. ನಾನು ನೀರಿನ ಕೊಡವನ್ನು ಬೀದಿ ನಲ್ಲಿಯಲ್ಲೇ ಬಿಟ್ಟು ಓಡಿಬಂದದ್ದೂ ಉಂಟು. ಅಪ್ಪ ಮಾತ್ರ ಕದಲುತ್ತಿರಲಿಲ್ಲ. ಆದರೆ ಅದೇ ಬೂಟನ್ನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಉಜ್ಜುತ್ತಿದ್ದರು.

ಕೊನೆಗೂ ಅಪೀಲಿನ ಬೋರ್ಡಿಗೆ ಕರೆ ಬಂತು. ಆ ದಿನ ಬೆಳಿಗ್ಗೆ ಅಪ್ಪ ಎಂದಿನಂತೆ ಗೋಡೆಗೆ ಒರಗಿ ಕಾಲು ಚಾಚಿ ಕೂತರು. ಅಡುಗೆಮನೆಯಿಂದ ಉಪ್ಪು ಸಿಡಿಯುವ ಸದ್ದೇ ಇಲ್ಲ.

"ಏನೇ, ಒಲೆ ಹೊತ್ತಿಸಿಲ್ವಾ?"

"ಇವತ್ತು ಶಾಖ ಇಲ್ಲ, ಎಣ್ಣೇನೂ ಇಲ್ಲ. ಹಾಗೇ ಹೋಗಿ."

"ಕುಂಟೋ ನಾಟಕ ಆಡ್ಕೊಂಡು ಹೋಗ್ಲಾ ಅಧಿಕಾರಿಗಳ ಮುಂದೆ?"

"ನಾಟಕ ಆಡಿದ್ದು ಹೋದ್ಸಲ. ದಿನಾ ಬೆಳಿಗ್ಗೆ ನಿಮಗೆ ವೇಷ ಕಟ್ಟಿ ಕಳಿಸ್ತಿರೋಳು ನಾನು. ಇವತ್ತು ಕಟ್ಟಲ್ಲ," ಎಂದಳು ಅಮ್ಮ. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ನೀನು ಜೊತೆಗೆ ಹೋಗು. ನಾನು ಬಂದ್ರೆ ದಾರೀಲೇ ಕಾಲು ತಿಕ್ಕೋಕೆ ಕೂತ್ಬಿಡ್ತೀನಿ."

ಅಪ್ಪ ಗೋಡೆ ಹಿಡಿದು ಎದ್ದರು. ಎರಡು ಬಸ್ಸು ಬದಲಿಸಿ ದಂಡಿನ ಕಡೆಗೆ, ಮಿಲಿಟರಿ ಆಸ್ಪತ್ರೆಗೆ ಹೋಗಬೇಕಿತ್ತು. ಮಾರ್ಕೆಟ್ಟಿನಲ್ಲಿ ಇಳಿಯುವಾಗ ಭುಜ ಕೊಡಲು ಹೋದೆ. ಕೈ ತಳ್ಳಿದರು. ಬಸ್ಸಿನಲ್ಲಿ ಯಾರೋ ಎದ್ದು ಜಾಗ ಬಿಟ್ಟರೆ, ಅವರನ್ನು ಗದರುವಂತೆ ನೋಡಿದರು. ದಾರಿಯುದ್ದಕ್ಕೂ ನನಗೆ ಒಂದೇ ಕಳವಳ: ಇಷ್ಟು ಓಡಾಟದಲ್ಲಿ ಕಾಲು ಸಡಿಲವಾಗಿಬಿಟ್ಟರೆ? ಅಪ್ಪ ಪ್ರತಿ ಹೆಜ್ಜೆಗೂ ಮುಖ ಹಿಂಡುತ್ತಿದ್ದರು, ನನಗೆ ಮಾತ್ರ ಒಳಗೊಳಗೇ ಧೈರ್ಯ ಬರುತ್ತಿತ್ತು.

ಆಸ್ಪತ್ರೆಯ ವರಾಂಡದ ಬೆಂಚಿನಲ್ಲಿ ಒಂದು ತೋಳಿನ ಮಾಜಿ ಸಿಪಾಯಿಯೊಬ್ಬರು ಕೂತಿದ್ದರು. ಅಪ್ಪನ ಬೂಟು ನೋಡಿ ಅವರಿಗೆ ನಗು ತಡೆಯಲಾಗಲಿಲ್ಲ. "ಅಣ್ಣಾ, ಒಳಗೋಗಿ ಸೆಲ್ಯೂಟ್ ಗಿಲ್ಯೂಟ್ ಜೋರಾಗಿ ಹೊಡೀಬ್ಯಾಡ. ಅವರು ಕೈಕಾಲು ನೋಡಲ್ಲ, ಸೆಲ್ಯೂಟ್ ನೋಡ್ತಾರೆ."

"ಹೊಡೀದೆ ಇರೋದು ಹೇಗೆ?" ಎಂದು ಅಪ್ಪ ನಿಜವಾಗಿಯೂ ಕೇಳಿದರು.

ಕರೆದಾಗ ಅಪ್ಪ ಏಳಲು ಹೋದರು. ಬೆಂಚಿನ ಮೇಲೆ ಕೂತು ಕಾಲು ಸೆಟೆದಿತ್ತು. ಅದನ್ನು ನೆಲದ ಮೇಲೆ ಎಳೆಯುತ್ತಲೇ ಒಳಗೆ ಹೋದರು. ಬಾಗಿಲು ಅರ್ಧ ತೆರೆದಿತ್ತು. ಹಿಮ್ಮಡಿ ಕೂಡಿಸಲು ಹೋದದ್ದು, ಬಲಗಾಲು ಬರದೆ ದೂರವೇ ನಿಂತದ್ದು, ಸೆಲ್ಯೂಟಿಗೆ ಎತ್ತಿದ ಕೈ ಥಟ್ಟನೆ ಇಳಿದು ಮೇಜಿನ ಅಂಚನ್ನು ಹಿಡಿದದ್ದು, ಎಲ್ಲವೂ ನನಗೆ ಕಂಡಿತು. ಅವರ ಮಾತು ಹಿಂದೂಸ್ತಾನಿಯಲ್ಲಿ ನಡೆಯಿತು. ಅಪ್ಪ ಮನೆಯಲ್ಲಿ ನಮ್ಮನ್ನು ಬೈಯುತ್ತಿದ್ದದ್ದು ಅದೇ ಭಾಷೆಯಲ್ಲಿ, ಹಾಗಾಗಿ ನನಗೆ ಅರ್ಥವಾಗುತ್ತಿತ್ತು.

"ಹೇಗಿದ್ದೀಯ?"

"ಠೀಕ್ ಹೈ, ಸಾಬ್."

ನಾನು ಹಣೆ ಚಚ್ಚಿಕೊಂಡೆ.

"ಸರಿಯಾಗಿದ್ದರೆ ಅಪೀಲು ಯಾಕೆ ಹಾಕಿದೆ?" ಎಂದರು ವೈದ್ಯರು.

ಅಪ್ಪ ಮೇಜಿನ ಅಂಚು ಬಿಡದೆ, "ನಾನಲ್ಲ ಸಾಬ್. ಹೆಂಡತಿ ಹಾಕಿಸಿದ್ದು."

"ಅವಳು ಏನು ಹೇಳುತ್ತಾಳೆ?"

ಆಗ ಅಪ್ಪ ಎದೆ ಸೆಟೆಸಿ, ಬೇರೆ ಯಾರದೋ ವರದಿ ಒಪ್ಪಿಸುವಂತೆ ಹೇಳಿದರು. ಬೆಳಿಗ್ಗೆ ಕಾಲು ಮಡಚುವುದಿಲ್ಲವೆಂದು ಹೇಳುತ್ತಾಳೆ. ಎಣ್ಣೆ ತಿಕ್ಕಿ ಉಪ್ಪಿನ ಶಾಖ ಕೊಟ್ಟ ಮೇಲೆಯೇ ನಡೆಯಲಾಗುವುದು ಎಂದು ಹೇಳುತ್ತಾಳೆ. ಚಳಿಗಾಲದಲ್ಲಿ ನಿದ್ದೆಯಲ್ಲಿ ನರಳುತ್ತೇನೆಂದೂ ಹೇಳುತ್ತಾಳೆ, ಅದು ನನಗೆ ಗೊತ್ತಿಲ್ಲ ಸಾಬ್.

"ಹಿಂದಿನ ಬೋರ್ಡಿನ ದಿನ ಶಾಖ ಕೊಟ್ಟಿದ್ದಳೇ?"

"ಎರಡು ಸಲ, ಸಾಬ್."

"ಇವತ್ತು?"

"ಇಲ್ಲ, ಸಾಬ್."

ವೈದ್ಯರು ಎದ್ದು ಬಂದು ಅಪ್ಪನನ್ನು ತಾವೇ ಕುರ್ಚಿಯಲ್ಲಿ ಕೂರಿಸಿದರು. ಬಾಗಿಲು ಮುಚ್ಚಿತು.

ಮಾವಿನ ಕಾಲಕ್ಕೆ ಆದೇಶ ಬಂತು. ಪಿಂಚಣಿ ಮತ್ತೆ ಶುರುವಾಯಿತು, ಕೆಲವು ವರ್ಷದ ಮಟ್ಟಿಗೆ. ಆಮೇಲೆ ಮತ್ತೆ ಬೋರ್ಡು. ಬಾಡಿಗೆ ಮನೆ ಉಳಿಯಿತು. ನಾನು ಹೈಸ್ಕೂಲು ಮುಗಿಸಿದೆ.

ಆದರೆ ಬೋರ್ಡಿನಿಂದ ಬಂದ ಮರುದಿನವೇ ಅಪ್ಪ ಎಲ್ಲರಿಗಿಂತ ಮುಂಚೆ ಎದ್ದು, ಕಾಲೆಳೆದುಕೊಂಡು ಅಡುಗೆಮನೆಗೆ ಹೋಗಿ ತಾವೇ ಒಲೆ ಹೊತ್ತಿಸಿದ್ದರು. ಅಮ್ಮ ಗಂಟಿಗೆ ಕೈ ಚಾಚಿದಳು.

"ಬಿಡು, ನಾನೇ ಮಾಡ್ಕೋತೀನಿ."

"ಯಾಕೆ, ನನ್ ಕೈ ಆಗಲ್ವಾ?"

"ನೀನು ಒಂದಿನ ಕೊಡ್ತೀಯ, ಒಂದಿನ ಕೊಡಲ್ಲ. ನಂಬೋದು ಹೇಗೆ?"

ನಕ್ಕು ಹೇಳಿದರೋ ಸಿಟ್ಟಿನಲ್ಲಿ ಹೇಳಿದರೋ ಅಮ್ಮನಿಗೂ ತಿಳಿಯಲಿಲ್ಲ. ಆಮೇಲೆ ಎಷ್ಟೋ ವರ್ಷ ಅದೇ ನಡೆಯಿತು. ಅಪ್ಪ ಗೋಡೆಗೆ ಒರಗಿ ತಮ್ಮ ಕಾಲಿಗೆ ತಾವೇ ಶಾಖ ಕೊಟ್ಟುಕೊಳ್ಳುವರು. ಮೊಣಕಾಲಿನ ಹಿಂದುಗಡೆ ಅವರ ಕೈ ಸರಿಯಾಗಿ ಎಟುಕುತ್ತಿರಲಿಲ್ಲ. ಅಮ್ಮ ಬಾಗಿಲಲ್ಲಿ ನಿಂತು, ಒದ್ದೆಯಿಲ್ಲದ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ, "ಇನ್ನೂ ಸ್ವಲ್ಪ ಕೆಳಗೆ... ಅಲ್ಲಲ್ಲ, ಎಡಕ್ಕೆ," ಎನ್ನುವಳು. ಅಪ್ಪ ಗಂಟನ್ನು ಎಡಕ್ಕೆ ಸರಿಸುವರು.